ಅಜ್ಜಿಯ ತಟ್ಟೆ, ಮಾವನ ಅಂಗಡಿ

ಮಂಗಳವಾರ, ಮಾರ್ಚ್ ೧೨

ಅಜ್ಜಿಯ ಬೆಳ್ಳಿ ತಟ್ಟೆ ಇವತ್ತೂ ಮಾವನ ಹಳೇ ಸಾಮಾನಿನ ಅಂಗಡಿಯ ಗಾಜಿನ ಕಪಾಟಿನಲ್ಲೇ ಇದೆ. ಅರಮನೆಯಲ್ಲಿ ಅಡುಗೆಗಿದ್ದ ಅವಳಮ್ಮನಿಗೆ ರಾಣಿ ಕೊಟ್ಟ ತಟ್ಟೆ. ‘ತೊಳೆಸಿ ತರ್ತೀನಮ್ಮಾ’ ಅಂತ ಒಯ್ದ ಸುಪುತ್ರ ಅದನ್ನು ಮಾರಾಟಕ್ಕಿಟ್ಟಿದ್ದಾನೆ. ಹಳೆಯದಾಗಿ ಕಾಣಲಿ ಎಂದು ಕಪ್ಪು ಕಲೆಯನ್ನೂ ಉಜ್ಜಿಸಿಲ್ಲ. ಇಲ್ಲಿ ಮನೆಯಲ್ಲಿ ಸ್ಟೀಲ್ ತಟ್ಟೆಯಲ್ಲಿ ಅಜ್ಜಿಗೆ ಊಟವೇ ಸೇರುತ್ತಿಲ್ಲ.

ಸಂಜೆ ನಾನು ಅಂಗಡಿಯಲ್ಲಿದ್ದಾಗ ಗಿರಾಕಿಯೊಬ್ಬರು ತಟ್ಟೆ ಎತ್ತಿಕೊಂಡರು. ನಾನು ಕೈಮುಗಿದು, ತಲೆತಗ್ಗಿಸಿ ನಿಂತೆ.

‘ಯಾಕಪ್ಪಾ, ಏನಾಯ್ತು?’

‘ಆ ಕಪ್ಪು ಕಲೆ ವಿಷದ್ದು ಸಾರ್. ಮಹಾರಾಜರು ಕೊನೇ ತುತ್ತು ಉಂಡಿದ್ದು ಇದರಲ್ಲೇ.’

ಅವರು ಕೈ ಒರೆಸಿಕೊಳ್ಳುತ್ತಾ ಹೊರಟೇಬಿಟ್ಟರು.

‘ನಿನ್ನ ಚರ್ಮ ಸುಲೀತೀನಿ ಕಣೋ!’ ಅಂದ ಮಾವ.

ಸುಲಿಯಲಿ. ತಟ್ಟೆ ಅಜ್ಜಿಯ ಮುಂದೆ ಬರುವವರೆಗೆ, ಬಂದ ಗಿರಾಕಿಗೊಬ್ಬರಂತೆ ಮಹಾರಾಜರು ಪ್ರಾಣ ಬಿಡತಕ್ಕದ್ದು. ನಾಳೆ ಬೇಕಿದ್ದರೆ ಯುವರಾಜರೂ...