ವಿಮಾನಕ್ಕೆ ಗಾಡಿ ಎನ್ನುತ್ತಿದ್ದ ಅಪ್ಪನಿಗೆ

ಮಸ್ಕಿಯ ಮಣ್ಣಿನಲ್ಲಿ ಕುಳಿತಿರುವ ಅಪ್ಪನಿಗೆ, ನೈರೋಬಿಯಿಂದ ನಿನ್ನ ಹಿರಿಮಗ ಬಸವರಾಜನ ಶರಣು.

ಹೊರಗೆ ಮಳೆ ಹಿಡಿದುಕೊಂಡಿದೆ. ಮಳೆ ಬಂದರೆ ನಮ್ಮ ಗಾಡಿಗಳು ಮೇಲೇಳುವುದಿಲ್ಲ, ತಗಡಿನ ಶೆಡ್ಡಿನೊಳಗೆ ಸುಮ್ಮನೆ ನಿಂತಿರುತ್ತವೆ. ನಾನೂ ಸುಮ್ಮನೆ ಕುಳಿತಿದ್ದೆ. ನೀನು ತೀರಿಕೊಂಡು ವರ್ಷವಾಗುತ್ತ ಬಂತು. ಸತ್ತವರಿಗೆ ಕಾಗದ ಬರೆಯುವುದು ಹುಚ್ಚು ಅಂತ ನೀನೇ ನಗುತ್ತಿದ್ದೆ. ಆದರೆ ತಮ್ಮ ವೀರೇಶನ ಕೈಯಲ್ಲಿ ಬರೆಸಿದ ಕೊನೆಯ ಕಾಗದದಲ್ಲಿ ನೀನೊಂದು ಮಾತು ಕೇಳಿದ್ದೆ, "ಗಾಡಿ ಕೆಲಸ ಹತ್ತಿತೇನು?" ಅಂತ. ಅದಕ್ಕೆ ನನ್ನಿಂದ ಉತ್ತರ ಬರುವಷ್ಟರಲ್ಲಿ... ಇರಲಿ. ಬಂದಿದ್ದರೂ ಅದರಲ್ಲಿ "ಇನ್ನೂ ಇಲ್ಲ" ಅಂತಲೇ ಇರುತ್ತಿತ್ತು. ಈಗ ಬೇರೆ ಉತ್ತರವಿದೆ.

ಲಿಂಗಸುಗೂರಿನ ಬಸ್ ನಿಲ್ದಾಣ ನೆನಪಿದೆಯೇನು? ನಿಜಾಮರ ಆಳ್ವಿಕೆಯ ಕೊನೆಯ ದಿನಗಳು. ಶಾಲೆಗೆ ರಜೆ ಕೊಟ್ಟಿದ್ದರು, ನೀನು ನನ್ನನ್ನು ಊರಿಗೆ ಕರೆದೊಯ್ಯಲು ಬಂದಿದ್ದೆ. ಮೇಲೆ ಸದ್ದಾಯಿತು. ಜನ ಬೇವಿನ ಗಿಡದ ಕೆಳಗೆ, ಬಂಡಿಯ ಕೆಳಗೆ ನುಗ್ಗಿದರು. ನಾನು ಬಯಲಲ್ಲೇ ನಿಂತು ಮುಖ ಮೇಲೆತ್ತಿದ್ದೆ. "ಯಾಕಲೇ, ಸಾಯಾಕ ನಿಂತೀಯೇನು? ತೆಳಗ ಕುಂಡ್ರು!" ಅಂತ ನೀನು ರಟ್ಟೆ ಹಿಡಿದು ಎಳೆದೆ. ನನಗೋ ಹದಿನಾರರ ಜಂಬ. "ಅದಕ್ಕ ವಿಮಾನ ಅಂತಾರ ಅಪ್ಪಾ, ನಾನೂ ಒಂದಿನ ವಿಮಾನ ಏರ್ತೀನಿ" ಅಂದೆ. ಬೆನ್ನ ಮೇಲೆ ರಪ್ಪನೆ ಬಿತ್ತು. ಆಕಾಶದಲ್ಲಿದ್ದದ್ದಕ್ಕೆ ನೀನು ಅಷ್ಟು ಹೆದರಿರಲಿಲ್ಲ, ನನ್ನ ಬಾಯಿಂದ ಬಂದ ಆ ಮಾತಿಗೆ ಹೆದರಿದ್ದೆ.

ಇಲ್ಲಿಯವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತೇವೆ, ಕೂರಿಸಿಯೇ ಮಣ್ಣಿಗಿಡುತ್ತೇವೆ. ಬಿದಿರು ಕಟ್ಟಿ, ಹೂವು ಬಾಳೆಕಂಬ ಕಟ್ಟಿ ಸಿಂಗರಿಸಿದ ಆ ಕೊನೆಯ ಪೀಠಕ್ಕೆ ವಿಮಾನ ಅನ್ನುತ್ತೇವೆ. ನಮ್ಮ ಓಣಿಯಲ್ಲಿ ಒಬ್ಬ ವಿಮಾನ ಏರಿದ ಅಂದರೆ ಕೇಳಿದವರು ತಲೆಯ ರುಮಾಲು ತೆಗೆಯುತ್ತಾರೆ. ನೀನು ಹತ್ತಿ ವ್ಯಾಪಾರದವನಾದರೂ, ಯಾರ ಮನೆಯಲ್ಲಿ ಸಾವಾದರೂ ಕೂರಿಸಲು ನಿನ್ನನ್ನೇ ಕರೆಯುತ್ತಿದ್ದರು. ಅಂಥವನ ಮಗ ಜೀವವಿದ್ದಾಗಲೇ ಆ ಮಾತು ಆಡಿದರೆ ಬೆನ್ನಿಗೆ ಬೀಳದೆ ಇರುತ್ತದೆಯೇ?

ಹಿಂದಿನ ಓಣಿಯ ಸಂಗಣ್ಣ ಸತ್ತ ದಿನ ನಾನು ನಿನ್ನ ಹಿಂದೆ ಬಂದಿದ್ದೆ. ನೀನು ಒಳಗೆ ಕಾಲಿಟ್ಟವನೇ, ಅಳುತ್ತಿದ್ದವರನ್ನು ಸರಿಸಿ, "ಮೈ ಸೆಟಿಯೋದ್ರಾಗ ಕುಂಡ್ರಿಸಬೇಕು, ಆಮ್ಯಾಲೆ ಅಳ್ರಿ" ಅಂದೆ. ಕಂಕುಳ ಕೆಳಗಿಂದ ಧೋತರ ಹಾಯಿಸಿ, ಬೆನ್ನಿಗೆ ಹಲಗೆ ಕೊಟ್ಟು, ಗದ್ದದ ಕೆಳಗೆ ಇನ್ನೊಂದು ಪಟ್ಟಿ ತಂದು ನೆತ್ತಿಯ ಹಿಂದೆ ಗಂಟು ಹಾಕಿದೆ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಸಂಗಣ್ಣನ ಜೊತೆ ಮಾತಾಡುತ್ತಿತ್ತು. "ಏಳಪಾ ಸಂಗಣ್ಣಾ, ಹೊತ್ತಾತು. ಬೆನ್ನು ನೆಟ್ಟಗ ಮಾಡು. ಮಂದಿ ನೋಡಾಕ ಬರ್ತಾರ." ತಲೆ ಮಾತ್ರ ವಾಲಬಾರದು ಅಂತ ನಿನ್ನ ಹಟ. ಇದನ್ನೆಲ್ಲ ನಾನು ಕಲಿಯಬೇಕು ಅಂತ ನೀನು ತೋರಿಸಿದ್ದಲ್ಲ. ಬಾಗಿಲಲ್ಲಿ ನಿಂತಿದ್ದೆ, ಕಣ್ಣಿಗೆ ಬಿತ್ತು, ಅಷ್ಟೇ.

ಹೈದರಾಬಾದಿನಲ್ಲಿ ಹಾರಾಟ ಕಲಿಯಲು ಸೇರಿದ ಮೇಲೆ ಆದ ಎಡವಟ್ಟಂತೂ ಈಗಲೂ ನಗು ತರಿಸುತ್ತದೆ. ಜೊತೆಗೆ ಗುರುಗಳಿಲ್ಲದೆ ಒಬ್ಬನೇ ಹಾರಿದ ದಿನ ಖುಷಿಗೆ ಕಾಲು ನೆಲದ ಮೇಲಿರಲಿಲ್ಲ. ಊರ ಕಡೆ ಹೊರಟಿದ್ದ ಗೊರೇಬಾಳದ ಬಟ್ಟೆ ವ್ಯಾಪಾರಿ ಸಿಕ್ಕ. "ನಮ್ಮಪ್ಪಗ ಹೇಳ್ರಿ, ನಿಮ್ಮ ಹುಡುಗ ಒಬ್ಬನಽ ವಿಮಾನ ಏರಿದ ಅಂತ" ಅಂದೆ. ಅವನು ಆ ಮಾತನ್ನು ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಇಳಿಸಿದ. ಅಲ್ಲಿಂದ ಅದು ಮಸ್ಕಿಗೆ ಬರುವ ಹೊತ್ತಿಗೆ ಏನು ಉಳಿದಿತ್ತು? ಹೈದರಾಬಾದಿನಾಗ ನಿನ್ನ ಮಗ ವಿಮಾನ ಏರ್ಯಾನಂತ, ಪಾಪ, ಒಬ್ಬನಽ ಇದ್ದನಂತ. ಮನೆಯಲ್ಲಿ ಒಲೆ ಹೊತ್ತಲಿಲ್ಲ. ನೀನು ಬಿಳಿ ಧೋತರ, ವಿಭೂತಿ ಗಟ್ಟಿ ಗಂಟು ಕಟ್ಟಿಕೊಂಡು, ಬಸ್ಸು ಹಿಡಿದು, ರಾಯಚೂರಿನಲ್ಲಿ ರೈಲು ಹತ್ತಿ, ಬೇರೆಯವರು ಮಗನನ್ನು ಕೂರಿಸಬಾರದು ಅಂತ ಬಂದೆ.

ನಾನು ಹಾಸ್ಟೆಲಿನ ಊಟದ ಮನೆಯಲ್ಲಿ ತುತ್ತು ಬಾಯಿಗಿಡುತ್ತಿದ್ದೆ. ಬಾಗಿಲಲ್ಲಿ ನೀನು. ಗಂಟು ಕೈಯಿಂದ ಜಾರಿತು. ನೀನು ನನ್ನ ತಟ್ಟೆ ನೋಡಿದೆ, ಮುಖ ನೋಡಿದೆ.

"ಉಂಡೇನು?" ಅಂದೆ.

"ಉಣ್ಣಾಕತ್ತೀನಿ ಅಪ್ಪಾ. ಯಾಕ ಬಂದಿ?"

"ಏನಿಲ್ಲ. ಉಣ್ಣು ಮೊದಲ."

ನೀನು ಗೋಡೆಗೆ ಮುಖ ಮಾಡಿ ನಿಂತೆ. ಭುಜ ಅಲುಗುತ್ತಿತ್ತು. ಗಂಟು ಬಿಚ್ಚಿ ನೋಡಿದಾಗ ನನಗೆ ಅರ್ಥವಾಯಿತು. ಮರುದಿನ ನಿನ್ನನ್ನು ಮೈದಾನಕ್ಕೆ ಕರೆದೊಯ್ದೆ. ನೀನು ರೆಕ್ಕೆಯನ್ನು ನೋಡಲೇ ಇಲ್ಲ, ನೇರವಾಗಿ ಬಗ್ಗಿ ಕೆಳಗೆ ನೋಡಿದೆ. "ಗಾಲಿ ಅದಾವಲ್ಲೋ! ಹಂಗಾರ ಇದು ಗಾಡೀನಽ. ಇನ್ಮ್ಯಾಲೆ ಗಾಡಿ ಅನ್ನು. ಆ ಮಾತು ನಮ್ಮನ್ಯಾಗ ಬ್ಯಾಡ" ಅಂದೆ. ಅಂದಿನಿಂದ ನಮ್ಮಿಬ್ಬರ ನಡುವೆ ಅದು ಗಾಡಿಯೇ. ಈ ಕಾಗದದಲ್ಲೂ ಹಾಗೇ ಬರೆಯುತ್ತಿದ್ದೇನೆ.

ಲೈಸೆನ್ಸು ಕೈಗೆ ಬಂತು, ಗಾಡಿ ಬರಲಿಲ್ಲ. ನಮ್ಮ ದೇಶದಲ್ಲಿ ಆಗ ಹಾರಲು ಬಲ್ಲ ಹುಡುಗರು ಹೆಚ್ಚು, ಹಾರುವ ಗಾಡಿಗಳು ಕಡಿಮೆ. ರಾಯಚೂರಿನ ಹತ್ತಿ ಪೇಟೆಯ ಕಚ್ಛೀ ಸೇಠ್ ತನ್ನ ಭಾವಮೈದ ನೈರೋಬಿಯಲ್ಲಿದ್ದಾನೆ, ಅಲ್ಲಿ ಗಾಡಿಗಳು ಬಹಳ, ರಸ್ತೆಗಳು ಕಡಿಮೆ ಅಂದ. ನೀನು ಅಂಗಡಿಯ ಗಾದಿಯ ಮೇಲೆ ಕುಳಿತು ಬಹಳ ಹೊತ್ತು ಹತ್ತಿಯ ಎಳೆ ಎಳೆದೆಳೆದು ನೋಡಿದೆ. ಕೊನೆಗೆ, "ಹೋಗು. ಬರೋ ಸುಗ್ಗಿ ಮಟ ನೋಡ್ತೀನಿ. ಗಾಡಿ ಸಿಗಲಿಲ್ಲಂದ್ರ ಬಂದು ಈ ಗಾದಿ ಮ್ಯಾಲ ಕುಂಡ್ರು. ಆಮ್ಯಾಲೆ ಮ್ಯಾಲ ನೋಡೂದು ಬಿಟ್ಟುಬಿಡಬೇಕು" ಅಂದೆ. ನಾನು ಒಪ್ಪಿದೆ. ಒಪ್ಪುವಾಗ ಸುಗ್ಗಿ ಬಹಳ ದೂರವಿದೆ ಅನಿಸಿತ್ತು.

ಹಡಗಿನಿಂದ ಇಳಿದು ರೈಲಿನಲ್ಲಿ ಇಲ್ಲಿಗೆ ಬಂದ ಮೇಲೆ ಒಂದೊಂದೇ ಕಂಪನಿಯ ಬಾಗಿಲು ತಟ್ಟಿದೆ. ಕಾಗದಪತ್ರ ನೋಡಿ ತಲೆದೂಗುತ್ತಿದ್ದರು, ಮುಖ ನೋಡಿ ನಿಲ್ಲಿಸುತ್ತಿದ್ದರು. ತಮಗೇನೂ ಅಭ್ಯಂತರವಿಲ್ಲ, ಆದರೆ ಕಪ್ಪು ಮನುಷ್ಯ ನಡೆಸುವ ಗಾಡಿಗೆ ತಮ್ಮ ಬಿಳಿ ಪ್ರಯಾಣಿಕರು ಹತ್ತುವುದಿಲ್ಲ ಅಂತ ಬಹಳ ಸಭ್ಯವಾಗಿ ಹೇಳಿದರು. ಚಹಾ ಕೊಟ್ಟು ಹೇಳಿದವರೂ ಉಂಟು. ಎರಡೇ ಸಣ್ಣ ಗಾಡಿಗಳಿದ್ದ ಒಬ್ಬ ಮುದಿ ಸಾಹೇಬ ಮಾತ್ರ ಎಂಜಿನ್ ಬಿಚ್ಚಿ ಜೋಡಿಸುವ ಕೆಲಸ ಕೊಟ್ಟ. ಇಲ್ಲಿಯ ಲೈಸೆನ್ಸನ್ನೂ ಮಾಡಿಸಿಕೊಂಡೆ. ರಿಪೇರಿಯಾದ ಗಾಡಿಯನ್ನು ಪರೀಕ್ಷೆಗೆ ಒಂದು ಸುತ್ತು ಹಾರಿಸಿ ಇಳಿಸುತ್ತಿದ್ದೆ, ಇಳಿದ ಕೂಡಲೇ ಅವನ ಇಂಗ್ಲಿಷ್ ಪೈಲಟ್ ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುತ್ತಿದ್ದ. ಬೇಸರವಾಗುತ್ತಿತ್ತೇ? ಆಗುತ್ತಿತ್ತು. ನಿನಗೆ ಬರೆಯಲಿಲ್ಲ. "ಎಲ್ಲಾ ಚೊಲೊ ಐತಿ, ಗಾಡಿ ಇನ್ನೂ ಇಲ್ಲ" ಅಂತ ಬರೆದೆ.

ಸುಗ್ಗಿ ಮುಗಿಯುತ್ತಿದ್ದಾಗ ವೀರೇಶನ ಕಾಗದ ಬಂತು. ಹಡಗಿನಲ್ಲಿ ಬಂದ ಸುದ್ದಿ, ನಿನ್ನನ್ನು ಮಣ್ಣಿಗಿಟ್ಟು ಆಗಲೇ ಬಹಳ ದಿನಗಳಾಗಿದ್ದವು. ಓದಿದೆ, ಮಡಚಿಟ್ಟೆ, ಹೋಗಿ ಅರ್ಧ ಬಿಚ್ಚಿದ್ದ ಎಂಜಿನ್ ಮುಗಿಸಿದೆ. ಅಳು ಬರಲಿಲ್ಲ ಅಂದರೆ ನಿನಗೆ ಬೇಜಾರಾಗಲಿಕ್ಕಿಲ್ಲ, ನಿನಗೂ ಎಲ್ಲರೆದುರು ಬರುತ್ತಿರಲಿಲ್ಲ. ಆದರೆ ಆ ಕಾಗದದಲ್ಲಿ ಇನ್ನೊಂದು ಸಾಲಿತ್ತು. ಎಲ್ಲರನ್ನೂ ಕೂರಿಸುತ್ತಿದ್ದವನು ನೀನೇ, ನಿನ್ನನ್ನು ಕೂರಿಸುವವರು ಓಣಿಯಲ್ಲಿರಲಿಲ್ಲ. ಸಾಲಗುಂದದಿಂದ ಯಾರನ್ನೋ ಕರೆಸುವಷ್ಟರಲ್ಲಿ ತಡವಾಗಿತ್ತು. ಮಸ್ಕಿಯ ಬಜಾರದ ತುಂಬ ನಿನ್ನ ತಲೆ ಎಡಕ್ಕೆ ವಾಲಿಕೊಂಡೇ ಇತ್ತಂತೆ. ಅಪ್ಪಾ, ಆ ಸಾಲು ಮಾತ್ರ ನನಗೆ ತಡೆಯಲಾಗಲಿಲ್ಲ. ಇಂದಿಗೂ ಆಗುತ್ತಿಲ್ಲ.

ಮಾತು ಕೊಟ್ಟಿದ್ದೆನಲ್ಲ, ಹಡಗಿನ ಟಿಕೇಟು ತೆಗೆಸಿದೆ. ಸಾಹೇಬನಿಗೂ ಹೇಳಿಬಿಟ್ಟೆ. ಹೊರಡುವ ವಾರದಲ್ಲಿ, ಒಂದು ಬೆಳಿಗ್ಗೆ ಅವನ ಆಫೀಸಿಗೆ ಫೋನು ಬಂತು. ದೂರದ ಒಂದು ಸಣ್ಣ ಊರಿನಲ್ಲಿ ಗುಜರಾತಿ ಅಂಗಡಿಯವರೊಬ್ಬರು ಆಗಷ್ಟೇ ತೀರಿಕೊಂಡಿದ್ದರು. ಅಲ್ಲಿಗಿದ್ದ ಒಂದೇ ಮಣ್ಣು ರಸ್ತೆ ಮಳೆಗೆ ಕೊಚ್ಚಿಹೋಗಿತ್ತು. ಬಂಧುಬಳಗವೆಲ್ಲ ನೈರೋಬಿಯಲ್ಲಿ, ತಂದೆಯನ್ನು ಇಲ್ಲಿಗೆ ತಂದು ಸಂಸ್ಕಾರ ಮಾಡಬೇಕು ಅಂತ ಮಗ ಅಂಚೆ ಕಚೇರಿಯಿಂದ ಗೋಗರೆಯುತ್ತಿದ್ದ. ಎರಡರಲ್ಲಿ ದೊಡ್ಡ ಗಾಡಿಯ ಎಂಜಿನ್ ಬಿಚ್ಚಿಟ್ಟಿತ್ತು. ಸಣ್ಣದರಲ್ಲಿ ಮುಂದೆ ಪೈಲಟ್, ಹಿಂದೆ ಇಬ್ಬರು ಕೂರುವ ಜಾಗ, ಅಷ್ಟೇ. ಹೆಣ ಮಲಗಿಸಲು ಜಾಗವಿಲ್ಲ, ಅಲ್ಲೇ ಮುಗಿಸಲು ಹೇಳು ಅಂತ ಸಾಹೇಬ ನನಗೆ ಫೋನು ಕೊಟ್ಟ, ಅವರ ಜೊತೆ ಹಿಂದೂಸ್ತಾನಿ ಆಡಬಲ್ಲವನು ನಾನೊಬ್ಬನೇ.

ನಾನು ಅದನ್ನು ಹೇಳಬೇಕಿತ್ತು. ಬಾಯಿಂದ ಬಂದದ್ದು ಬೇರೆ. "ಲಿಟಾನಾ ನಕ್ಕೊ ಭಾಯಿ, ಮಲಗಿಸಬೇಡಿ," ಅಂದೆ ನಮ್ಮ ಕಡೆಯ ಹಿಂದೂಸ್ತಾನಿಯಲ್ಲಿ. "ಮೈ ಸೆಟೆಯುವ ಮುಂಚೆ ಈಗಲೇ ಕುರ್ಚಿಯಲ್ಲಿ ಕೂರಿಸಿ. ಬೆನ್ನಿಗೆ ಹಲಗೆ ಕೊಡಿ. ಕಂಕುಳ ಕೆಳಗಿಂದ ಧೋತರ ಹಾಯಿಸಿ..." ನಿನ್ನ ಮಾತುಗಳು ಒಂದರ ಹಿಂದೊಂದು ಬಂದವು. "ನಮ್ಮಲ್ಲಿ ಕೂರಿಸುವುದಿಲ್ಲ," ಅಂದ ಮಗ. "ನಮ್ಮಲ್ಲಿ ಕೂರಿಸುತ್ತೇವೆ. ರಾಜನ ಹಾಗೆ ಕೂರಿಸುತ್ತೇವೆ. ನಾನು ಬರುತ್ತೇನೆ," ಅಂದೆ. ಬರುತ್ತೇನೆ ಅನ್ನಲು ನಾನು ಯಾರು? ಆದರೆ ಇಂಗ್ಲಿಷ್ ಪೈಲಟ್ ಕತ್ತಿನ ಹಿಂದೆ ಹೆಣ ಕೂರಿಸಿಕೊಂಡು ತಾನು ಹಾರುವುದಿಲ್ಲ ಅಂದುಬಿಟ್ಟ. ಸಾಹೇಬ ನನ್ನನ್ನು ನೋಡಿದ, ಮೋಡ ನೋಡಿದ, ಹೋಗು ಅಂತ ಕೈ ಮಾಡಿದ.

ಹೋಗುವಾಗ ಗಾಡಿಯಲ್ಲಿ ನಾನೊಬ್ಬನೇ. ಕೆಳಗೆ ಕೆಂಪು ನೆಲ, ಅಲ್ಲಲ್ಲಿ ಬಂಡೆ, ಮಸ್ಕಿಯ ಗುಡ್ಡದ ಸುತ್ತ ಹೇಗಿದೆಯೋ ಹಾಗೇ. ಇಳಿದಾಗ ನಾನು ಹೇಳಿದ್ದನ್ನೆಲ್ಲ ಮಗ ಮಾಡಿದ್ದ, ಗದ್ದದ ಪಟ್ಟಿ ಮಾತ್ರ ಸಡಿಲವಿತ್ತು, ತಲೆ ಎಡಕ್ಕೆ ವಾಲಿತ್ತು. ಎರಡೂ ಕೈಯಿಂದ ಆ ಮುಖ ಹಿಡಿದು ಮೆಲ್ಲಗೆ ನೆಟ್ಟಗೆ ತಂದೆ, ಪಟ್ಟಿ ಬಿಗಿದು ನೆತ್ತಿಯ ಹಿಂದೆ ಗಂಟು ಹಾಕಿದೆ, ನಿನ್ನದೇ ಗಂಟು. "ಏಳಪಾ, ಹೊತ್ತಾತು. ಬೆನ್ನು ನೆಟ್ಟಗ ಮಾಡು. ಮಂದಿ ನೋಡಾಕ ಬರ್ತಾರ," ಅಂತಿದ್ದೆ. ಏನು ಹೇಳಿದಿರಿ ಅಂತ ಮಗ ಕೇಳಿದ. ನಮ್ಮ ಕಡೆಯ ಮಂತ್ರ ಅಂದೆ. ಅವನು ಕೈ ಮುಗಿದ.

ಅವನ ತಂದೆಯನ್ನು ನನ್ನ ಹಿಂದಿನ ಸೀಟಿಗೆ ಕಟ್ಟಿ ಕೂರಿಸಿದೆವು, ಪಕ್ಕದಲ್ಲಿ ಮಗ. ದಾರಿಯುದ್ದಕ್ಕೂ ಮೋಡಗಳ ಕುಲುಕಾಟ. ನಾನು ಮತ್ತೆ ಮತ್ತೆ ತಿರುಗಿ ನೋಡಿದೆ. ಹಾರಿಸುವವನು ಹಾಗೆ ಹಿಂದೆ ತಿರುಗಬಾರದು, ಆದರೂ ನೋಡಿದೆ. ತಲೆ ವಾಲಲಿಲ್ಲ, ಅಪ್ಪಾ. ನೈರೋಬಿಯಲ್ಲಿ ನೂರಾರು ಜನ ಕಾಯುತ್ತಿದ್ದರು, ಅವರೆದುರು ಬಾಗಿಲು ತೆಗೆದಾಗಲೂ ಆ ಹಿರಿಯರು ನೆಟ್ಟಗೆ ಕುಳಿತಿದ್ದರು. ಮುಂದೆ ಚಿತೆಯ ಮೇಲೆ ಹೇಗೆ ಮಲಗಿಸಿದರೋ ನಾನು ಕೇಳಲಿಲ್ಲ. ನಾನು ಶೆಡ್ಡಿನ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ, ಹಾಸ್ಟೆಲಿನಲ್ಲಿ ನೀನು ನಿಂತಿದ್ದೆಯಲ್ಲ, ಹಾಗೆ.

ಸಾಹೇಬ ಟಿಕೇಟು ವಾಪಸು ಮಾಡು ಅಂದ. ಆ ಮೇಲೆ ನಮ್ಮ ದೇಶದ ಮಂದಿ ನನ್ನನ್ನೇ ಕೇಳಿ ಬರತೊಡಗಿದರು. ಮೊದಮೊದಲು ಬರೀ ಹೆಣ, ಆಮೇಲೆ ಔಷಧ, ಅಂಚೆ. ಈಗ ಜೀವಂತ ಜನರೂ ಹತ್ತುತ್ತಾರೆ, ಬಿಳಿಯರೂ ಒಬ್ಬಿಬ್ಬರು, ತುರ್ತಿದ್ದರೆ. ಗಾದಿಯ ಮೇಲೆ ವೀರೇಶ ಕುಳಿತಿದ್ದಾನೆ, ನಿನಗಿಂತ ಚೆನ್ನಾಗಿ ಚೌಕಾಸಿ ಮಾಡುತ್ತಾನಂತೆ. ಸಿಂಧನೂರ ಕಡೆ ಕಾಲುವೆ ನೀರು ಬಂದು ಜನ ಭತ್ತದ ಮಾತಾಡುತ್ತಿದ್ದಾರಂತೆ. ಬರುವ ಬೇಸಿಗೆಗೆ ನಾನು ಊರಿಗೆ ಬರುತ್ತೇನೆ. ಓಣಿಯ ಹುಡುಗರಿಬ್ಬರಿಗೆ ಆ ಗಂಟು ಕಲಿಸಿಯೇ ಹಿಂತಿರುಗುತ್ತೇನೆ, ಇದು ನಿನಗೆ ಕೊಟ್ಟ ಮಾತು.

ಮಳೆ ನಿಂತಿತು. ಸಾಹೇಬ ಕರೆಯುತ್ತಿದ್ದಾನೆ. ಗಾಡಿ ಕೆಲಸ ಹತ್ತಿತೇನು ಅಂತ ಕೇಳಿದ್ದೆಯಲ್ಲ? ಇದೊಂದು ಸಲ ಆ ಮಾತು ಆಡಿಬಿಡುತ್ತೇನೆ, ಬೈಯಬೇಡ.

ಅಪ್ಪಾ, ನಾನು ವಿಮಾನ ಏರಿದೆ. ಉಂಡಿದ್ದೇನೆ.