ಬೆಡ್‌ಶೀಟಿನ ಎರಡು ತುದಿ

ಆಸ್ಪತ್ರೆಯ ಲಾಂಡ್ರಿ,
ಹದಿನಾಲ್ಕನೇ ತಾರೀಖು, ಶುಕ್ರವಾರ, ಊಟದ ಬಿಡುವಿನಲ್ಲಿ

ಪ್ರೀತಿಯ ಚೂಟಿ,

ದೊಡ್ಡಪ್ಪನ ಆಶೀರ್ವಾದ. ಹೇಗಿದ್ದೀಯಮ್ಮ? ಕೆಮ್ಮು ಕಡಿಮೆಯಾಯಿತೇ? ಅಕ್ಕನ ಮನೆಯಲ್ಲಿ ಭಾವನೆದುರು ಸಂಕೋಚಪಟ್ಟು ಅರೆಹೊಟ್ಟೆ ಉಣ್ಣಬೇಡ. ನನ್ನ ಮಂಡಿನೋವು ಎಂದಿನಂತೆ ನಿಷ್ಠೆಯಿಂದ ಜೊತೆಗಿದೆ. ನೀನು ಕೆಲಸ ಬಿಟ್ಟು ಹೋಗಿ ಇವತ್ತಿಗೆ ಆರು ವಾರ. ಫೋನು ಎತ್ತದವರಿಗೆ ಕಾಗದವೇ ಗತಿ. ನೀನು ಮತ್ತೆ ಬರುತ್ತೀಯಾ ಎಂದು ಕೇಳಲಿಕ್ಕೇ ಬರೆಯುತ್ತಿದ್ದೇನೆ. ಆದರೆ ಮೊದಲು ಇಲ್ಲಿ ನಡೆದದ್ದನ್ನು ಕೇಳು.

ಈ ಲಾಂಡ್ರಿಯಲ್ಲಿ ನನಗೆ ಮೂವತ್ತೊಂದು ವರ್ಷ. ಐದು ಜನ ಸೂಪರ್‌ವೈಸರುಗಳನ್ನು ಕಂಡಿದ್ದೇನೆ. ಒಬ್ಬ ಕೂಗಾಡುತ್ತಿದ್ದ, ಒಬ್ಬ ಗೊರಕೆ ಹೊಡೆಯುತ್ತಿದ್ದ, ಒಬ್ಬನಿಗೆ ಸೋಪಿನ ವಾಸನೆಯೇ ಆಗುತ್ತಿರಲಿಲ್ಲ. ಆದರೆ ನಮ್ಮ ಮಡಿಸುವ ಪದ್ಧತಿಯನ್ನು ಯಾರೂ ಮುಟ್ಟಿರಲಿಲ್ಲ. ಒಂದು ಬೆಡ್‌ಶೀಟಿಗೆ ಇಬ್ಬರು. ತುದಿ ಹಿಡಿದು ಒದರುವುದು, ಬೆಳಕಿಗೆ ಎತ್ತುವುದು, ನಡೆದು ಬಂದು ತುದಿಗೆ ತುದಿ ಸೇರಿಸುವುದು. ಹಾಗೆ ಹತ್ತಿರ ಬಂದಾಗಲೆಲ್ಲ ಒಂದು ಮಾತು. ಮೊದಲ ವಾರ ನೀನು ಕಾಲುಭಾಗ ಕೆಲಸ ಕಲಿತೆ, ಮುಕ್ಕಾಲು ಭಾಗ ಎದುರು ತುದಿ ಹಿಡಿದಿದ್ದ ಗುಂಡಕ್ಕನ ಸಂಸಾರವನ್ನೇ ಕಲಿತೆ. ಬಟ್ಟೆ ಹರಿದಿದ್ದರೆ ಆ ತೂತಿನಲ್ಲಿ ಎದುರಿದ್ದವರ ಮೂಗು ಕಾಣುತ್ತಿತ್ತು. "ಅಯ್ಯೋ, ಯಜಮಾನ್ರು ಕಿಟಕಿ ತೆಗೆದು ಇಣುಕ್ತಾ ಇದ್ದಾರಲ್ಲಪ್ಪ!" ಎಂದು ಗುಂಡಕ್ಕ ಕೂಗಿದರೆ ಆ ಬಟ್ಟೆ ಹೊಲಿಗೆಯ ಬುಟ್ಟಿಗೆ ಹೋಯಿತೆಂದೇ ಅರ್ಥ.

ಈಗಿನ ಸಾಹೇಬರು ಬಂದವರೇ ಒಬ್ಬರಿಗೊಂದು ಟೇಬಲ್ಲು ಎಂದರು. ಟೇಬಲ್ಲುಗಳನ್ನೆಲ್ಲ ಗೋಡೆಗೆ ತಿರುಗಿಸಿ, ನಂಬರ್ ಬರೆಸಿ, ಯಾರದು ಎಷ್ಟಾಯಿತೆಂದು ಪಟ್ಟಿ ತೂಗುಹಾಕಿದರು. ಅಲ್ಲ, ನಾನೂ ನಾಲ್ಕು ಚರಿತ್ರೆಯ ಪುಸ್ತಕ ಓದಿದವನು. ಮನುಷ್ಯರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಯಾವ ದೊರೆಯೂ ಒಳ್ಳೆಯದಕ್ಕೆ ನಿಲ್ಲಿಸಿದ್ದಿಲ್ಲ. ಮೊದಲ ತಿಂಗಳು ಮಡಿಸಿದ ರಾಶಿ ಎತ್ತರವಾಯಿತು ನಿಜ. ಆಮೇಲೆ ಬೆಳಗಾದರೆ ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಹೊಟ್ಟೆನೋವು. ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಉಳಿದೆವು. ಸಂಬಳದಲ್ಲಿ ಬಿಡಿಗಾಸೂ ಕಡಿಮೆಯಾಗಿರಲಿಲ್ಲ ನೋಡು. ಆದರೂ ಹೋದರು. ಗುಂಡಕ್ಕನಂಥ ಗುಂಡಕ್ಕನೂ ಬೇರೆ ವಿಭಾಗಕ್ಕೆ ಹಾಕಿ ಎಂದು ಅರ್ಜಿ ಬರೆದಳು.

ಸೋಮವಾರ ಹೆಡ್ ನರ್ಸಮ್ಮ ಒಂದು ತೋಳು ತುಂಬ ಬೆಡ್‌ಶೀಟು ಹೊತ್ತು ತಂದು ನೆಲಕ್ಕೆ ಹಾಕಿದರು. ಹತ್ತೊಂಬತ್ತು, ಎಲ್ಲವೂ ಹರಿದವು. ವಾರ್ಡಿನಲ್ಲಿ ಒಬ್ಬ ಮುದುಕರು ಮಂಚದಿಂದ ಇಳಿಯಲು ಹೋಗಿ, ತೂತಿಗೆ ಕಾಲು ಸಿಕ್ಕಿ ಬೀಳುವುದರಲ್ಲಿದ್ದರಂತೆ. "ನಿಮ್ಮಲ್ಲಿ ಒಬ್ರಿಗೂ ಕಣ್ಣಿಲ್ವಾ?" ಎಂದರು. ಸಾಹೇಬರು ನಮ್ಮ ಕಡೆ ತಿರುಗಿ, "ಯಾವ ಟೇಬಲ್ಲು?" ಎಂದರು. ನನಗೆ ಎಲ್ಲಿತ್ತೋ ಸಿಟ್ಟು. "ಯಾವ ಟೇಬಲ್ಲೂ ಅಲ್ಲ ಸ್ವಾಮಿ. ಎದುರಿಗೆ ಯಾರೂ ಇಲ್ದೇ ಇದ್ರೆ ತೂತು ಕಾಣೋದು ಹೇಗೆ? ಬನ್ನಿ, ಆ ತುದಿ ಹಿಡೀರಿ" ಎಂದೆ. ಇವತ್ತಿಗೆ ನನ್ನ ಅನ್ನದ ಋಣ ಮುಗಿಯಿತು ಅಂದುಕೊಂಡೇ ಹೇಳಿದ್ದು. ಅವರು ಸುಮ್ಮನೆ ಬಂದು ಹಿಡಿದರು! ಮೂಲೆಗೆ ಮೂಲೆ ಕೂಡಲೇ ಇಲ್ಲ. "ಸಾಹೇಬ್ರೇ, ಮದುವೆ ಆಗಿದೆ ತಾನೇ? ಮನೇಲಿ ಒಂದಿನಾನೂ ಬೆಡ್‌ಶೀಟು ಮಡಚಿಲ್ವಾ?" ಎಂದಳು ಗುಂಡಕ್ಕ. ಅವರ ಕಿವಿ ಕೆಂಪಾಯಿತು. ನಾಲ್ಕನೆಯದನ್ನು ಬೆಳಕಿಗೆ ಎತ್ತಿದಾಗ "ಕಾಣಿಸ್ತು, ಕಾಣಿಸ್ತು!" ಎಂದು ಮಗುವಿನ ಹಾಗೆ ಕೂಗಿದರು. ಸಂಜೆ ನನ್ನನ್ನು ಕರೆದು, "ಬಂದಾಗಿನಿಂದ ಇಲ್ಲಿ ಒಬ್ರೂ ನನ್ನ ಹತ್ರ ಮಾತಾಡಿರಲಿಲ್ಲ" ಎಂದರು. ಮಾತಾಡಲು ಬಿಟ್ಟಿದ್ದರೆ ತಾನೇ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಗೆದ್ದ ದಿನ ಕೆಣಕಬಾರದು.

ಬುಧವಾರ ಟೇಬಲ್ಲುಗಳು ಗೋಡೆ ಬಿಟ್ಟು ಕೋಣೆಯ ನಡುವಿಗೆ ಬಂದವು. ಪಟ್ಟಿ ಇನ್ನೂ ತೂಗಾಡುತ್ತಿದೆ, ಅದನ್ನು ಆಮೇಲೆ ನೋಡಿಕೊಳ್ಳೋಣ. ಗುಂಡಕ್ಕ ಅರ್ಜಿ ವಾಪಸು ತೆಗೆದುಕೊಂಡಳು. ಬಿಟ್ಟುಹೋದವರಲ್ಲಿ ಇಬ್ಬರು ಮರಳಿದ್ದಾರೆ. ಹಾಗಾಗಿ ಹನ್ನೊಂದು ಜನ, ಬೆಸ ಸಂಖ್ಯೆ, ಜೋಡಿಯಿಲ್ಲದವನು ನಾನೇ. ಕಿಟಕಿಯ ಸರಳಿಗೆ ಒಂದು ತುದಿ ಸಿಕ್ಕಿಸಿ ಮಡಿಸುತ್ತಿದ್ದೇನೆ. ಸರಳು ಮಾತಾಡುವುದಿಲ್ಲ. "ನಿಮ್ಮ ಹುಡುಗೀನ ಒಂದು ಮಾತು ಕೇಳಿ ನೋಡಿ" ಎಂದು ಸಾಹೇಬರೇ ಹೇಳಿದ್ದಾರೆ. ಮುಂದಿನ ವಾರದವರೆಗೆ ನಿನ್ನ ಜಾಗ ಖಾಲಿ ಇಡುತ್ತಾರಂತೆ.

ಅಕ್ಕ ಭಾವನಿಗೆ ನನ್ನ ನೆನಪು ಹೇಳು. ದೊಡ್ಡಮ್ಮ ನಿನಗೊಂದು ಸ್ವೆಟರು ಶುರು ಮಾಡಿದ್ದಾಳೆ. ತೋಳಿನ ಅಳತೆ ಸಿಗದೆ ನಿಂತಿದೆ. ಒಳ್ಳೆಯದಾಗಲಿ ಮಗಳೇ.

ಇಂತು ನಿನ್ನ
ದೊಡ್ಡಪ್ಪ

ತಾ.ಕ.: ಗಂಟೆ ಹೊಡೆಯಿತು. ಇಷ್ಟು ಬರೆದೂ ಬರೆಯಬೇಕಾದದ್ದನ್ನು ಬರೆಯಲಿಲ್ಲ. ಆ ದಿನ ಇಸ್ತ್ರಿ ತಗಲಿದ ಕೈಗೆ ನೀರು ಬಿಟ್ಟುಕೊಳ್ಳಲು ಟೇಬಲ್ಲು ಬಿಟ್ಟು ಹೋದೆಯೆಂದು ಸಾಹೇಬರು ಎಲ್ಲರೆದುರು ನಿನ್ನನ್ನು ಗದರಿದಾಗ ನೀನು ಅವರನ್ನು ನೋಡಲಿಲ್ಲ, ನನ್ನನ್ನು ಕರೆದೆ. ನಾನು ಗೋಡೆ ನೋಡಿಕೊಂಡು ಮಡಿಸುತ್ತಲೇ ಇದ್ದೆ. ಮೆಷಿನ್ನಿನ ಸದ್ದಿಗೆ ಕೇಳಿಸಲಿಲ್ಲ ಎಂದು ಮನೆಯಲ್ಲಿ ನಿನಗೆ ಹೇಳಿದ್ದು ಸುಳ್ಳು. ಕೇಳಿಸಿತ್ತು. ಭಾನುವಾರ ಹತ್ತರ ಬಸ್ಸಿಗೆ ಬರುತ್ತಿದ್ದೇನೆ, ನಿನ್ನನ್ನು ಕರೆತರಲಿಕ್ಕಲ್ಲ, ಇದನ್ನು ನಿನ್ನ ಮುಖ ನೋಡಿ ಹೇಳಲಿಕ್ಕೆ. ಬಾಗಿಲು ತೆಗೆ, ತಾಯಿ.