ಹುಕ್ಕೇರಿಯ ಮುಕ್ಕಾಲು ಸೆಕೆಂಡ್

ಜನವರಿ 6, ಮಂಗಳವಾರ. ಹುಕ್ಕೇರಿ

ಗುಂಡಿಯ ಮುಚ್ಚಳ ತೆಗೆದೆ. ಇರುವೆ, ಎರಡು ಜಿರಲೆ. ಬ್ಯಾಟರಿ ಪರವಾಗಿಲ್ಲ. ಹಳೆಯ ಭೂಕಂಪ ಮಾಪಕದ ಪಕ್ಕದಲ್ಲೇ ಹೊಸದನ್ನು ಇಟ್ಟೆ. ಒಂದು ತಿಂಗಳು ಎರಡೂ ಜೊತೆಗೆ ಓಡಬೇಕು, ಆಮೇಲೆ ಹಳೆಯದಕ್ಕೆ ರಜೆ.

ಬಾಳೇಶನಿಲ್ಲದೆ ಮೊದಲ ಸಲ ಯಂತ್ರವನ್ನು ಮಟ್ಟಸವಾಗಿ ಕೂರಿಸಿ ಲೆವೆಲ್ ಮಾಡಿದ್ದು. ಅವನಿಗೆ ಹತ್ತು ನಿಮಿಷದ ಕೆಲಸ. ನನಗೆ ಒಂದು ತಾಸು. ಒಂಬತ್ತು ವರ್ಷ ನಮ್ಮ ಮೂರೂ ಸ್ಟೇಷನ್ನು — ಧುಪದಾಳ, ನಾಗನೂರ, ಹುಕ್ಕೇರಿ — ಅವನೊಬ್ಬನೇ ನೋಡಿಕೊಂಡ. ಕಾಂಟ್ರ್ಯಾಕ್ಟ್ ಟೆಕ್ನಿಷಿಯನ್. ಹೋದ ಜೂನ್‌ನಲ್ಲಿ ಎದೆನೋವು ಅಂದ, ಸಂಜೆಯೊಳಗೆ ಮುಗಿಯಿತು. ನಲವತ್ತೊಂದು ವಯಸ್ಸು.

ಹೊಲದ ಮಾಲೀಕ ಭೂಪಾಲ ಕಾಕಾ ಬಂದು ನಿಂತರು.

"ಬಾಯಾರ, ಹೊಸಾದ್ ಯಾಕ? ಹಳೇದ್ ಸುಳ್ಳ್ ಹೇಳಾಕತ್ತೇತೇನು?"

ನಕ್ಕೆ.

ಜನವರಿ 19, ಸೋಮವಾರ. ಗೋಕಾಕ

ಇಂಡೋನೇಷ್ಯಾ ಕಡೆ ದೊಡ್ಡ ಕಂಪನ. ಇಲ್ಲಿ ಯಾರಿಗೂ ಗೊತ್ತಾಗಿಲ್ಲ, ಯಂತ್ರಗಳಿಗೆ ಗೊತ್ತಾಗಿದೆ. ಹುಕ್ಕೇರಿಯ ಎರಡೂ ಫೈಲ್ ತೆರೆದೆ.

ಒಂದೇ ಗುಂಡಿ. ಒಂದೇ ಅಲೆ. ಹಳೆಯದರಲ್ಲಿ 0.7, ಅಂದರೆ ಸುಮಾರು ಮುಕ್ಕಾಲು ಸೆಕೆಂಡ್ ತಡ. ಹೊಸದರಲ್ಲಿ ತಡವೇ ಇಲ್ಲ.

ಮತ್ತೆ ನೋಡಿದೆ. ಮತ್ತೆ.

ಜನವರಿ 20

ನಿದ್ದೆಯಿಲ್ಲ. ಯಂತ್ರ ತಾನೇ ದಾಖಲಿಸಿಟ್ಟ ಲಾಗ್ ಫೈಲುಗಳನ್ನೆಲ್ಲ ಇಳಿಸಿಕೊಂಡೆ. ಹಳೆಯ ಯಂತ್ರದ ಗಡಿಯಾರಕ್ಕೆ ಉಪಗ್ರಹದ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ. ಸಿಗದಾಗ ಗಡಿಯಾರ ಮುಂದೆ ಓಡಿದೆ. ಎಂದೋ ಒಮ್ಮೆ ಸಿಕ್ಕಾಗ ಸರಿಹೋಗಿದೆ. ಮತ್ತೆ ಓಡಿದೆ. 2021ರಿಂದ. ಎಲ್ಲವೂ ಲಾಗ್‌ನಲ್ಲಿದೆ. ಯಾರೂ ತೆರೆದು ನೋಡಿಲ್ಲ. ಯಾರೂ ಅಂದರೆ ನಾನು.

ನಾವು ಪ್ರಕಟಿಸಿದ ಪ್ರಬಂಧ ನಿಂತಿದ್ದೇ ಆ ಮುಕ್ಕಾಲು ಸೆಕೆಂಡಿನ ಮೇಲೆ. ದೂರದ ಭೂಕಂಪದ ಅಲೆ ಭೂಮಿಯ ಒಳಪದರ ಮ್ಯಾಂಟಲ್ ಹಾದು ಮೇಲೆ ಬರುತ್ತದೆ. ಗಟ್ಟಿ, ತಣ್ಣನೆಯ ಬಂಡೆಯಲ್ಲಿ ಬೇಗ. ಬಿಸಿ, ಮೆತ್ತನೆಯದರಲ್ಲಿ ತಡ. ದೂರದ ಲೆಕ್ಕ ಕಳೆದ ಮೇಲೂ ಧುಪದಾಳಕ್ಕಿಂತ ಹುಕ್ಕೇರಿಗೆ ತಡವಾಗಿ ಬರುತ್ತಿತ್ತು. ಹಾಗಾಗಿ ಬರೆದೆವು — ಹುಕ್ಕೇರಿಯ ಕೆಳಗೆ ಖಂಡದ ಬೇರು ಸವೆದಿದೆ, ನೂರು ಕಿಲೋಮೀಟರ್ ಆಳದಲ್ಲಿ ಬಿಸಿ ಮ್ಯಾಂಟಲ್ ಮೇಲೆದ್ದಿದೆ, ಕರಿಕಲ್ಲಿನ ಲಾವಾ ಹರಿದ ಕಾಲದ ಗಾಯ ಇನ್ನೂ ಮಾಸಿಲ್ಲ. ಎಲ್ಲರೂ ಕೊಂಡಾಡಿದರು.

ಗಾಯವಿಲ್ಲ. ಧುಪದಾಳದ ಕೆಳಗಿರುವಂಥದ್ದೇ ಹಳೆಯ ಬಂಡೆ.

ಜನವರಿ 28

ನನ್ನ ವಿದ್ಯಾರ್ಥಿನಿ ರಾಧಿಕಾಗೆ ಹೇಳಿದೆ. ಅವಳ ಪಿಎಚ್‌ಡಿ ಇದರ ಮೇಲೆಯೇ. ಅಳಲಿಲ್ಲ. "ನಾಕ್ ವರ್ಷ ಮೇಡಂ..." ಅಂದಳು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಹೋದಳು. ಊಟಕ್ಕೂ ಬರಲಿಲ್ಲ.

ಫೆಬ್ರವರಿ 8, ಭಾನುವಾರ. ನಾಗನೂರ

ಬಾಳೇಶನ ಮನೆಗೆ ಹೋದೆ. ಪ್ರಬಂಧ ಹಿಂದೆ ಪಡೆಯಬೇಕು, ಅದರಲ್ಲಿ ಅವನ ಹೆಸರೂ ಇದೆ. ಬೇರೆಯವರ ಬಾಯಿಂದ ಅವನ ಹೆಂಡತಿ ಚನ್ನವ್ವನ ಕಿವಿಗೆ ಬೀಳಬಾರದು. ಹಾಗಂದುಕೊಂಡೇ ಹೋದದ್ದು.

ಗೋಡೆಯ ಮೇಲೆ ಪ್ರಬಂಧದ ಮೊದಲ ಪುಟ. ಫ್ರೇಮ್ ಹಾಕಿಸಿದ್ದಾಳೆ. ಅವನ ಹೆಸರಿನ ಕೆಳಗೆ ಕೆಂಪು ಪೆನ್ನಿನ ಗೆರೆ.

"ನಮ್ಮ ಅಂಗನವಾಡಿಗೆ ಸುಪರ್‌ವೈಸರ್ ಬಂದಾಗ ತೋರಿಸಿದ್ನಿರಿ. ಹತ್ತನೇ ಇಯತ್ತೆ ಓದಿದವ್ರ ಹೆಸರ ಇದರಾಗ ಹೆಂಗ ಬಂತು ಅಂತ ಕೇಳಿದ್ರು."

ಚಹಾ ಕುಡಿದೆ. ಅವಲಕ್ಕಿ ತಿಂದೆ. ಹೇಳಲಿಲ್ಲ. ಹೊರಡುವಾಗ ಒಂದು ಚೀಲ ಕೊಟ್ಟಳು.

"ನಿಮ್ಮ ಕೆಲಸದ ವಹಿ ಅದಾವ್ರಿ. ಮನ್ಯಾಗ ಇಟ್ಕೊಂಡ್ ಏನ್ ಮಾಡ್ಲಿ?"

ಫೆಬ್ರವರಿ 9

ಆರು ನೋಟ್‌ಬುಕ್. ಅವನ ಗುಂಡು ಅಕ್ಷರ.

"14-3-2021. ಹುಕ್ಕೇರಿ. ಜಿಪಿಎಸ್ ಕೇಬಲ್ ಇಲಿ ಕಡಿದೈತಿ. ಟೇಪ್ ಸುತ್ತಿದೆ. ಸಿಗ್ನಲ್ ನಿಲ್ಲವಲ್ದು. ಹೊಸ ಕೇಬಲ್ ಬೇಕು. ಮೇಡಂಗೆ ಫೋನ್ ಮಾಡಿದೆ. ಮುಂದಿನ ಸಲ ನೋಡೋಣ ಅಂದರು."

"22-8-2021. ಹುಕ್ಕೇರಿ. ಸಿಗ್ನಲ್ ಹಂಗೇ. ಮೇಡಂಗೆ ಮತ್ತೆ ಹೇಳಿದೆ. ಡೇಟಾ ಬರಾಕತ್ತೇತಿ ಅಲ್ಲ, ಇರಲಿ ಅಂದರು."

ನೆನಪಿಲ್ಲ. ಒಂದು ಫೋನೂ ನೆನಪಿಲ್ಲ. ಆದರೆ ಆ ಮಾತು ನನ್ನದೇ. "ಡೇಟಾ ಬರ್ತಾ ಇದೆಯಲ್ಲ" — ದಿನಕ್ಕೆ ಹತ್ತು ಸಲ ಹೇಳುತ್ತೇನೆ.

ಅದರ ಮುಂದೆ ಹುಕ್ಕೇರಿಯ ಪುಟಗಳಲ್ಲೆಲ್ಲ ಬ್ಯಾಟರಿ, ಇರುವೆ, ಹುಲ್ಲು. ಸಿಗ್ನಲ್‌ನ ಸುದ್ದಿಯೇ ಇಲ್ಲ. ಯಾಕೆ ನಿಲ್ಲಿಸಿದ?

ಫೆಬ್ರವರಿ 24, ಮಂಗಳವಾರ

ಹದಿನೈದು ದಿನ ಬರೆಯಲಿಲ್ಲ. ಬರೆದದ್ದು ಬೇರೆ — ಪ್ರಬಂಧ ಪ್ರಕಟಿಸಿದ ಪತ್ರಿಕೆಗೆ ಕಾಗದ. ಎರಡು ಕರಡು.

ಮೊದಲನೆಯದು ಸರ್ ಹೇಳಿಕೊಟ್ಟದ್ದು. ಸರ್ ಅಂದರೆ ನಮ್ಮ ಯೋಜನೆಯ ಮುಖ್ಯಸ್ಥರು. ಫೋನಿನಲ್ಲಿ ಎಷ್ಟು ಮೆತ್ತಗೆ ಹೇಳಿದರು!

"ಫೀಲ್ಡ್ ಸಿಬ್ಬಂದಿ ಕೇಬಲ್ ಸರಿ ಜೋಡಿಸಿದ್ದಿಲ್ಲ ಅಂತ ಒಂದ್ ಸಾಲ್ ಬರೀರಿ, ಶಿವಾನಿ. ಆತಗ ಈಗ ಏನಾಗಬೇಕಾಗೇದ? ನಿಮಗ ಇನ್ನ ಹದಿನೈದ್ ವರ್ಷ ಸರ್ವಿಸ್ ಅದ."

ಬರೆದೆ. ಹೌದು, ಬರೆದೆ. ಮೂರು ದಿನ ಆ ಸಾಲನ್ನು ಇಟ್ಟುಕೊಂಡು ಕೂತಿದ್ದೆ. ಸುಳ್ಳು ಎಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ವಹಿಗಳು ನನ್ನ ಹತ್ತಿರವೇ ಇವೆ.

ಇವತ್ತು ಹನ್ನೊಂದು ಗಂಟೆಗೆ ಎರಡನೆಯದನ್ನು ಕಳಿಸಿದೆ. ಟೆಕ್ನಿಷಿಯನ್ ಎರಡು ಸಲ ದೋಷ ತಿಳಿಸಿದ್ದರು, ನಾನು ಪರಿಶೀಲಿಸಲಿಲ್ಲ. ಆ ಎರಡು ಪುಟಗಳ ಫೋಟೋ ಜೊತೆಗಿಟ್ಟೆ. ಸರ್‌ಗೂ ಪ್ರತಿ.

ಹಗುರವಾಗುತ್ತದೆ ಅಂದುಕೊಂಡಿದ್ದೆ. ಇಲ್ಲ.

ಮಾರ್ಚ್ 1, ಭಾನುವಾರ

ಸರ್ ಫೋನ್ ಎತ್ತುತ್ತಿಲ್ಲ. ಆಫೀಸಿನಿಂದ ಮೇಲ್ — ಸ್ಟೇಷನ್ನುಗಳ ಕೀಲಿಕೈ ಒಪ್ಪಿಸಬೇಕಂತೆ. ರಾಧಿಕಾ ಬೇರೆ ಗೈಡ್ ಹುಡುಕುತ್ತಿದ್ದಾಳೆ. ಹುಡುಕಲಿ.

ನಾಗನೂರಿಗೆ ಹೋದೆ. ಈ ಸಲ ಚಹಾಕ್ಕೂ ಮೊದಲೇ ಹೇಳಿಬಿಟ್ಟೆ. ಪ್ರಬಂಧ ತಪ್ಪು. ಬಾಳೇಶ ತಪ್ಪು ಮಾಡಿರಲಿಲ್ಲ, ಕಂಡುಹಿಡಿದಿದ್ದ. ನನಗೆ ಎರಡು ಸಲ ಹೇಳಿದ್ದ. ನಾನು ಕೇಳಲಿಲ್ಲ.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲ ಚೌಕಟ್ಟು ಹಿಡಿದು ಕೂತಳು.

"ಅವ್ರು ಮೂರನೇ ಸಲ ಹೇಳಾವ್ರಿದ್ರು. ಫೋನ್ ಕೈಯಾಗ ಹಿಡದಿದ್ರು. ನಾನ ಬ್ಯಾಡ ಅಂದೆ."

"ಯಾಕೆ?"

"ದೊಡ್ಡವ್ರಿಗೆ ಎಷ್ಟ್ ಸಲ ಹೇಳ್ತೀರಿ, ಸಿಟ್ಟಿಗೆದ್ದ್ ಕೆಲಸದಿಂದ ತಗದ್ರ ಏನ್ ಮಾಡೂದು ಅಂದೆ. ಫೋನ್ ಇಟ್ಟ್‌ಬಿಟ್ರು. ಮುಂದ ಆ ಮಾತ ತಗೀಲಿಲ್ಲ."

ನನ್ನ ಮುಖ ನೋಡಿದಳು.

"ಹಂಗಾರ ಇದು ನನ್ನಿಂದ ಆತೇನ್ರಿ ಮೇಡಂ? ಅವ್ರು ಹೇಳಿದ್ರ ನೀವ್ ಕೇಳ್ತಿದ್ರಿ, ಹೌದಿಲ್ಲೋ?"

ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಮಾರ್ಚ್ 2, ಬೆಳಿಗ್ಗೆ 6

ಮೊದಲ ಬಸ್ಸಿಗೆ ಮತ್ತೆ ನಾಗನೂರಿಗೆ. ಅವಳು ಅಂಗನವಾಡಿಗೆ ಹೋಗುವ ಮೊದಲೇ ಮುಟ್ಟಬೇಕು. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬಂದಿದ್ದೇನೆ. ಉತ್ತರ ನನಗೆ ಗೊತ್ತು, ನಿನ್ನೆಯೂ ಗೊತ್ತಿತ್ತು. ಪ್ರಬಂಧ ಆಗಲೇ ಅರ್ಧ ಬರೆದಾಗಿತ್ತು, ಆ ಮುಕ್ಕಾಲು ಸೆಕೆಂಡ್ ನನಗೆ ಬೇಕಾಗಿತ್ತು. ಬಾಳೇಶ ಮೂರನೇ ಸಲ ಫೋನ್ ಮಾಡಿದ್ದರೂ ನಾನು—